ಯುದ್ಧಕಾಲ ಮತ್ತು ಪ್ರಜೆಯ ಆಸ್ತಿ

ಗಡಿಯಲ್ಲಿ ಉದ್ವೇಗ ಹೆಚ್ಚಿದಾಗಲೆಲ್ಲ ಶ್ರೋತೃಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಯೆಂದರೆ, ಯುದ್ಧ ಆರಂಭವಾದೊಡನೆ ಪ್ರಜೆಗಳ ಮನೆ, ಜಮೀನು, ವಾಹನಗಳು ಸರ್ಕಾರದ ಸೊತ್ತಾಗುತ್ತವೆಯೇ ಎಂಬುದು. ಹಾಗೇನೂ ಆಗುವುದಿಲ್ಲ.

1978ರ 44ನೇ ತಿದ್ದುಪಡಿಯು ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳ ಸಾಲಿನಿಂದ ತೆಗೆದಾಗ ಆ ಹಕ್ಕೇ ಅಳಿದುಹೋಯಿತೆಂದು ಓದಿದವರೂ ಹೇಳುತ್ತ ತಿರುಗುವುದು ಬೇಸರದ ಸಂಗತಿ. ಕಾನೂನಿನ ಆಧಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯಬಾರದೆಂಬ ರಕ್ಷಣೆ ಸಂವಿಧಾನದ 300-ಎ ವಿಧಿಯಲ್ಲಿ ಇಂದಿಗೂ ಇದೆ. ಯುದ್ಧದ ಕಾರಣಕ್ಕೆ ತುರ್ತು ಪರಿಸ್ಥಿತಿ ಘೋಷಣೆಯಾದಾಗ 358ನೇ ವಿಧಿಯು ಮಾತು, ಸಭೆ, ಸಂಚಾರ ಮೊದಲಾದ 19ನೇ ವಿಧಿಯ ಸ್ವಾತಂತ್ರ್ಯಗಳಿಗೆ ಬೀಗ ಹಾಕುತ್ತದೆ. 359ನೇ ವಿಧಿಯು, 20 ಮತ್ತು 21ನೇ ವಿಧಿಗಳನ್ನು ಬಿಟ್ಟು, ಉಳಿದ ಮೂಲಭೂತ ಹಕ್ಕುಗಳಿಗಾಗಿ ನ್ಯಾಯಾಲಯಕ್ಕೆ ಹೋಗುವ ದಾರಿಯನ್ನು ಮುಚ್ಚಬಲ್ಲದು. 300-ಎ ವಿಧಿಯು ಆ ಸಾಲಿನಲ್ಲಿ ಇಲ್ಲದಿರುವುದರಿಂದಲೇ ಈ ಎರಡರ ಹಿಡಿತಕ್ಕೂ ಸಿಗುವುದಿಲ್ಲ. ಎಂದರೆ ಯುದ್ಧವು ತಾನಾಗಿ ಯಾರ ಗೇಣು ನೆಲವನ್ನೂ ಕಿತ್ತುಕೊಳ್ಳದು. ಅದಕ್ಕೊಂದು ಶಾಸನ ಬೇಕು. ಆ ಶಾಸನಕ್ಕೆ ಸಾರ್ವಜನಿಕ ಉದ್ದೇಶವಿರಬೇಕು, ಪರಿಹಾರ ಕೊಡದಿದ್ದರೆ ಅದಕ್ಕೆ ಸರ್ಕಾರವೇ ಸಮರ್ಥನೆ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ, ಬೆಂಗಳೂರಿನ ಹೊರವಲಯದ ರೋರಿಕ್–ದೇವಿಕಾರಾಣಿ ಎಸ್ಟೇಟಿನ ಪ್ರಕರಣದಲ್ಲಿ ಹೇಳಿದೆ.

ಇದಕ್ಕಿಂತ ದೊಡ್ಡ ಎಚ್ಚರಿಕೆಯೊಂದಿದೆ. ಸಶಸ್ತ್ರ ದಾಳಿಗೆ ಒಳಗಾದ ರಾಷ್ಟ್ರಕ್ಕೆ ಆತ್ಮರಕ್ಷಣೆಯ ಹಕ್ಕಿದೆಯೆಂದು ವಿಶ್ವಸಂಸ್ಥೆಯ ಸನ್ನದಿನ 51ನೇ ವಿಧಿ ಒಪ್ಪುತ್ತದೆ. ಆದರೆ ಯುದ್ಧ ನ್ಯಾಯವಾದ ಮಾತ್ರಕ್ಕೆ ಅದರ ಹೆಸರಿನಲ್ಲಿ ನಡೆದುದೆಲ್ಲ ನ್ಯಾಯವಾಗದು. ಚೀನಾದೊಡನೆ ನಡೆದ ಕಾಳಗ 1962ರ ನವೆಂಬರಿನಲ್ಲೇ ನಿಂತಿತು, ಅದಕ್ಕಾಗಿ ಅಕ್ಟೋಬರ್ 26ರಂದು ಘೋಷಿಸಿದ ತುರ್ತು ಪರಿಸ್ಥಿತಿ ಮಾತ್ರ 1968ರ ಜನವರಿ 10ರವರೆಗೆ ಮುಂದುವರಿಯಿತು. ನಡುವೆ ಪಾಕಿಸ್ತಾನದೊಡನೆ 1965ರ ಯುದ್ಧ ಬಂತೆನ್ನುವವರು, ತಾಷ್ಕೆಂಟ್ ಒಪ್ಪಂದವಾದ ಮೇಲೂ ತುರ್ತು ಪರಿಸ್ಥಿತಿ ಎರಡು ವರ್ಷ ಉಳಿದುದನ್ನು ಮರೆಯುತ್ತಾರೆ. ವಿಚಾರಣೆಯಿಲ್ಲದೆ ಬಂಧಿಸಲು ಅವಕಾಶವಿದ್ದ ಭಾರತ ರಕ್ಷಣಾ ನಿಯಮಗಳು ಅಷ್ಟೂ ಕಾಲ ಜಾರಿಯಲ್ಲಿದ್ದವು. ಮತ್ತೊಮ್ಮೆ ಹೇಳಬೇಕಾದ ಮಾತು ಇದೇ: ಯುದ್ಧ ಮುಗಿದೊಡನೆ ಯುದ್ಧಕಾಲದ ಅಧಿಕಾರ ಮುಗಿಯುವುದಿಲ್ಲ, ಅದನ್ನು ಯಾರಾದರೂ ಮುಗಿಸಬೇಕು.

ಆಸ್ತಿ ಕೇಳಿ ಅಧಿಕಾರಿ ಬಂದರೆ ಲಿಖಿತ ಆದೇಶವನ್ನೂ ಕಾಯಿದೆಯ ಕಲಮನ್ನೂ ಕೇಳುವುದು, ಒಡೆತನ ಉಳಿಯುವ ತಾತ್ಕಾಲಿಕ ಬಳಕೆಯೋ ಒಡೆತನವೇ ಹೋಗುವ ಭೂಸ್ವಾಧೀನವೋ ಎಂದು ತಿಳಿಯುವುದು, ರಸೀದಿ ಪಡೆಯುವುದು ದೇಶದ್ರೋಹವಲ್ಲ; ತಾತ್ಕಾಲಿಕವೆಂದರೆ ಯಾವ ದಿನಾಂಕದವರೆಗೆ ಎಂಬುದನ್ನೂ ಅಂದೇ ಬರೆಯಿಸಿಕೊಳ್ಳಬೇಕು.