ಜೋಕುಮಾರನಿಗೆ ಮೊದಲ ಪೂಜೆ



ನನ್ನಿವಾಳ, ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಬಯಲಾಟ ನೋಡಿ ಬೆಳೆದವರಿಗೆ ಒಂದು ದೃಶ್ಯ ಚೆನ್ನಾಗಿ ಗೊತ್ತು. ಕಿರೀಟ, ಭುಜಕೀರ್ತಿ ಕಟ್ಟಿಕೊಂಡ ರಾಜ ಕುಣಿಯುತ್ತ ರಂಗಕ್ಕೆ ಬರುತ್ತಾನೆ. ಸಾರಥಿ ಎದುರು ನಿಂತು, ತಾವು ಯಾರು, ಯಾವ ದೇಶದವರು, ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ಎಂಥ ದೊರೆಯಾದರೂ ಸಾರಥಿಗೆ ಉತ್ತರ ಕೊಟ್ಟೇ ಮುಂದೆ ಹೋಗಬೇಕು. ಈ ಆಟದೊಳಗೆ ಎಂಥ ಕಸುವಿದೆ ಎಂದು ಓದು ಬಲ್ಲವರ ರಂಗಭೂಮಿಗೆ ತೋರಿಸಿಕೊಟ್ಟವರು ಚಂದ್ರಶೇಖರ ಕಂಬಾರರು.

ಕಂಬಾರರು ಹುಟ್ಟಿದ್ದು 1937ರಲ್ಲಿ, ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ. ಕುಲುಮೆಯನ್ನೇ ನಂಬಿದ ಮನೆತನ. ಬಡತನದಿಂದ ನಿಲ್ಲುವಂತಿದ್ದ ಓದು ಸಾವಳಗಿ ಮಠದ ಸ್ವಾಮಿಗಳ ನೆರವಿನಿಂದ ಮುಂದುವರಿಯಿತು. ಧಾರವಾಡದಲ್ಲಿ ಪಿಎಚ್.ಡಿ.ಗೆ ಅವರು ಆರಿಸಿಕೊಂಡ ವಿಷಯ ಉತ್ತರ ಕರ್ನಾಟಕದ ಜನಪದ ರಂಗಭೂಮಿ. ಅಂದರೆ ಬಾಲ್ಯದಲ್ಲಿ ರಾತ್ರಿಯೆಲ್ಲ ನೋಡಿದ ಆಟವನ್ನೇ ಮತ್ತೆ ಕೂತು ಓದಿದರು.

1970ರಲ್ಲಿ ಬಂದದ್ದು ಅವರ ನಾಟಕ 'ಋಷ್ಯಶೃಂಗ'. ಬರ ಬಿದ್ದ ಶಿವಾಪುರವೆಂಬ ಊರು ಮಳೆಗಾಗಿ ಹಂಬಲಿಸುವ ಕತೆ. ಚಳ್ಳಕೆರೆಯ ಜನಕ್ಕೆ ಆ ಹಂಬಲವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಮಟ್ಟಿಗೆ ಅವರ ಅತಿ ದೊಡ್ಡ ನಾಟಕ 'ಜೋಕುಮಾರಸ್ವಾಮಿ'. ಗಣಪತಿ ಹೋದ ಮೇಲೆ ಬುಟ್ಟಿಯಲ್ಲಿ, ಬೇವಿನ ಸೊಪ್ಪಿನ ನಡುವೆ ಕೂತು ಮನೆಮನೆಗೆ ಬರುತ್ತಾನಲ್ಲ, ಅದೇ ಮಣ್ಣಿನ ಜೋಕುಮಾರ. ನಾಟಕದ ಮೊದಲಲ್ಲೇ ಸೂತ್ರಧಾರ ಗಣಪತಿಯನ್ನು ಬಿಟ್ಟು ಜೋಕುಮಾರನಿಗೆ ಪೂಜೆ ಮಾಡಲು ಹೊರಡುತ್ತಾನೆ. ಹಿಮ್ಮೇಳದವನು ದಿಗಿಲುಬೀಳುತ್ತಾನೆ. ಇಬ್ಬರ ವಾದ ಕೇಳಿ ನಗುವ ಪ್ರೇಕ್ಷಕರಿಗೆ, ಮೇಲಿನವರ ದೇವರ ಜಾಗಕ್ಕೆ ದುಡಿಯುವವರ ದೇವರು ಬಂದು ಕೂತದ್ದು ಸ್ವಲ್ಪ ಹೊತ್ತಿನ ಮೇಲೆ ಹೊಳೆಯುತ್ತದೆ. ಕತೆ ಸಾಗುವುದೂ ಅದೇ ದಾರಿಯಲ್ಲಿ. ಹೊಲಗಳನ್ನೆಲ್ಲ ನುಂಗುವ ಗೌಡನಿಗೆ ಮಕ್ಕಳಿಲ್ಲ. ಮಗುವಿಗಾಗಿ ಗೌಡತಿ ಜೋಕುಮಾರನಿಗೆ ಹರಕೆ ಹೊತ್ತು ಮಾಡಿದ ಪಡವಲಕಾಯಿ ಪಲ್ಯ ಗೌಡನ ಬದಲು ಉಳುವವನಾದ ಬಸಣ್ಣನ ಹೊಟ್ಟೆ ಸೇರುತ್ತದೆ, ಗೌಡತಿ ಅವನಿಂದಲೇ ಬಸಿರಾಗುತ್ತಾಳೆ. ಭೂಮಿ ಯಾರದು, ಫಲ ಯಾರದು ಎಂಬ ಪ್ರಶ್ನೆ ಭಾಷಣವಿಲ್ಲದೆ ಎದ್ದು ನಿಲ್ಲುತ್ತದೆ. ಬಸಣ್ಣ ಆ ಪ್ರಶ್ನೆಗೆ ಪ್ರಾಣವನ್ನೇ ತೆರುತ್ತಾನೆ.

1972ರಲ್ಲಿ ನಿರ್ದೇಶಕ ಬಿ.ವಿ. ಕಾರಂತರು ಈ ನಾಟಕವನ್ನು ಬೆಂಗಳೂರಿನಲ್ಲಿ ಆಡಿಸಿದರು. ಅದೇ ವರ್ಷ ಮರಾಠಿಯಲ್ಲೂ ಜನಪದ ಆಟದ ಧಾಟಿಯನ್ನು ಬಳಸಿಕೊಂಡ, ನಾಟಕಕಾರ ತೆಂಡೂಲ್ಕರರ 'ಘಾಶೀರಾಮ್ ಕೊತ್ವಾಲ್' ರಂಗಕ್ಕೆ ಬಂತು. ದೂರದ ಕೊರಿಯಾದಲ್ಲೂ ಓ ತೇ-ಸೋಕ್ ಎಂಬ ನಾಟಕಕಾರ 1973ರಲ್ಲಿ 'ಚೋಬುನ್' ಬರೆದು ತಮ್ಮ ಜನರ ಆಚರಣೆಗಳನ್ನು ಹೊಸ ರಂಗಭೂಮಿಗೆ ತಂದರು. ಒಬ್ಬರನ್ನು ನೋಡಿ ಒಬ್ಬರು ಮಾಡಿದ್ದಲ್ಲ ಇದು.

ಆಮೇಲೆ ಪ್ರಶಸ್ತಿಗಳು ಸಾಲಾಗಿ ಬಂದವು. 1983ರಲ್ಲಿ ಸಂಗೀತ ನಾಟಕ ಅಕಾಡೆಮಿ, 'ಸಿರಿಸಂಪಿಗೆ'ಗೆ 1991ರ ಸಾಹಿತ್ಯ ಅಕಾಡೆಮಿ, 2010ನೇ ಸಾಲಿನ ಜ್ಞಾನಪೀಠ. ಕನ್ನಡಕ್ಕೆ ಅದು ಎಂಟನೆಯದು. ಇವೆಲ್ಲಕ್ಕಿಂತ ನಮಗೆ ಹತ್ತಿರದ್ದು ಅವರು ಮೊದಲ ಕುಲಪತಿಯಾಗಿ ಕಟ್ಟಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯ. ಹಾಡುವವರ, ಕುಣಿಯುವವರ ತಿಳಿವಳಿಕೆಗೂ ಅಲ್ಲಿ ವಿದ್ಯೆಯ ಮರ್ಯಾದೆ ಸಿಕ್ಕಿತು.

ಆ ತಿಳಿವಳಿಕೆಗೆ ನಮ್ಮ ಸೀಮೆಯಲ್ಲಿ ಬಡತನವಿಲ್ಲ. ನನ್ನಿವಾಳ ದನ ಸಾಕುವ ಮ್ಯಾಸಬೇಡ ಸಮುದಾಯದ ಕಟ್ಟೆಮನೆ, ಅಂದರೆ ಕುಲದ ಮುಖ್ಯ ನೆಲೆ. ದೇವರ ಎತ್ತುಗಳ, ಅವನ್ನು ಕಾಯುವ ಕಿಲಾರಿಗಳ ಕತೆಗಳು ಇಲ್ಲಿ ಇಂದಿಗೂ ಬಾಯಲ್ಲೇ ಇವೆ. ಇದೇ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆ ಸಾವಿರಾರು ಪದ ಹಾಡಿದರು. ಜಾನಪದ ವಿದ್ವಾಂಸ ಕೃಷ್ಣಮೂರ್ತಿ ಹನೂರರು ಬರೆದುಕೊಂಡಿದ್ದರಿಂದ ಅವು ಪುಸ್ತಕವಾಗಿ ಉಳಿದವು.

ನಿಮ್ಮ ಮನೆಯ ಅಟ್ಟದ ಮೇಲೆ ಬಯಲಾಟದ ಮಾಸ್ತರರ ಕೈಬರಹದ ಪುಸ್ತಕವಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಹಾಳೆಹಾಳೆಯಾಗಿ ಫೋಟೋ ತೆಗೆದಿಡಿ. ಪಾತ್ರ ಮಾಡಿದ ಹಿರಿಯರಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು, ಅವರ ದನಿಯಲ್ಲೇ ಪದಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.