ಪೇಸ್‌ಮೇಕರ್ ತಂತಿ ತೆಗೆಯುವಾಗ ಹೆಣ್ಣುಮಕ್ಕಳಿಗೆ ಹೆಚ್ಚಿನ ಎಚ್ಚರಿಕೆ ಏಕೆ?

(ರೋಗಿಗಳು ಹಾಗೂ ಅವರ ಬಂಧುಗಳಿಗಾಗಿ ಏರ್ಪಡಿಸಿದ್ದ ಆರೋಗ್ಯ ತಿಳಿವಳಿಕೆ ಕಾರ್ಯಕ್ರಮದಲ್ಲಿ ನಮ್ಮ ಆಸ್ಪತ್ರೆಯ ಶುಶ್ರೂಷಾ ಬೋಧಕಿ ನೀಡಿದ ಉಪನ್ಯಾಸದ ಬರಹರೂಪ)



ಪೇಸ್‌ಮೇಕರ್ ಹಾಕಿಸಿಕೊಂಡವರು ನಮ್ಮನ್ನು ಹೆಚ್ಚಾಗಿ ಕೇಳುವುದು ಬ್ಯಾಟರಿಯ ಬಗ್ಗೆ. "ಸಿಸ್ಟರ್, ಇದು ಎಷ್ಟು ವರ್ಷ ಬರ್ತದೆ?" ಎಂದು. ತಂತಿಯ ಬಗ್ಗೆ ಕೇಳುವವರು ಕಡಿಮೆ. ಆದರೆ ತೊಂದರೆ ಬಂದಾಗ ಕಷ್ಟ ಕೊಡುವುದು ತಂತಿಯೇ. ಬ್ಯಾಟರಿ ಇರುವ ಡಬ್ಬಿ ಚರ್ಮದ ಕೆಳಗೇ ಇರುತ್ತದೆ, ಬದಲಾಯಿಸುವುದು ಅಷ್ಟು ಕಷ್ಟವಲ್ಲ. ತಂತಿ ಹಾಗಲ್ಲ. ಅದು ಭುಜದ ಮೂಳೆಯ ಕೆಳಗಿನ ರಕ್ತನಾಳದಿಂದ ಒಳಗೆ ಇಳಿದು, ದೊಡ್ಡ ರಕ್ತನಾಳದ ಮೂಲಕ ಹೃದಯದೊಳಗೆ ಹೋಗಿ ಕೂತಿರುತ್ತದೆ. ಕೆಲವರಿಗೆ ಒಂದು ತಂತಿ, ಕೆಲವರಿಗೆ ಎರಡು ಅಥವಾ ಮೂರು.

ಬೇಲಿಗೆ ಹಬ್ಬಿದ ಬಳ್ಳಿಯನ್ನು ನೋಡಿದ್ದೀರಿ. ಹೊಸದಾಗಿ ಹಬ್ಬಿದ್ದರೆ ಎಳೆದರೆ ಬಂದುಬಿಡುತ್ತದೆ. ಹತ್ತು ವರ್ಷ ಹಳೆಯದಾದರೆ ಬೇಲಿಯ ಗೂಟವೂ ಜೊತೆಗೆ ಕಿತ್ತು ಬರುತ್ತದೆ. ತಂತಿಯೂ ಹಾಗೆ. ಹಾಕಿದ ಒಂದು ವರ್ಷದೊಳಗೆ ಸಾಮಾನ್ಯವಾಗಿ ಸುಲಭವಾಗಿ ಬರುತ್ತದೆ. ಆಮೇಲೆ ದೇಹ ಅದರ ಸುತ್ತ ಗಟ್ಟಿ ಗಾಯದ ಪೊರೆ ಕಟ್ಟಿ, ರಕ್ತನಾಳದ ಗೋಡೆಗೂ ಹೃದಯದ ಗೋಡೆಗೂ ಅಂಟಿಸಿಬಿಡುತ್ತದೆ. ಆಗ ತಂತಿಯ ಮೇಲೆ ವಿಶೇಷ ಕೊಳವೆ ತೂರಿಸಿ, ಲೇಸರ್‌ನಿಂದಲೋ ತಿರುಗುವ ಅಂಚಿನಿಂದಲೋ ಆ ಪೊರೆಯನ್ನು ನಿಧಾನವಾಗಿ ಬಿಡಿಸಬೇಕು. ಬಿಡಿಸುವಾಗ ಗೋಡೆ ಹರಿದರೆ ಎದೆಯೊಳಗೆ ರಕ್ತ ಸೋರುತ್ತದೆ, ಅಥವಾ ಹೃದಯದ ಸುತ್ತಲಿನ ಚೀಲದಲ್ಲಿ ರಕ್ತ ತುಂಬಿ ಹೃದಯವನ್ನು ಒತ್ತುತ್ತದೆ. ನಾವು ಹೆದರುವುದು ಇದಕ್ಕೇ.

ಈ ಅಪಾಯ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು ಎಂಬುದು ಹೊಸ ಮಾತಲ್ಲ. ಅಮೆರಿಕದಲ್ಲಿ 2,338 ರೋಗಿಗಳ ದಾಖಲೆ ನೋಡಿ 1999ರಲ್ಲಿ ಪ್ರಕಟಿಸಿದ ವರದಿಯಲ್ಲೇ ಇದು ಕಂಡಿತ್ತು. ಯುರೋಪಿನ 19 ದೇಶಗಳ 73 ಕೇಂದ್ರಗಳಲ್ಲಿ 3,500ಕ್ಕೂ ಹೆಚ್ಚು ರೋಗಿಗಳನ್ನು ನೋಡಿ 2017ರಲ್ಲಿ ಪ್ರಕಟಿಸಿದ 'ಎಲೆಕ್ಟ್ರಾ' ವರದಿಯೂ ಅದನ್ನೇ ಹೇಳಿತು. ಅಲ್ಲಿ ಗಂಡಸರು, ಹೆಂಗಸರು ಎಲ್ಲರನ್ನೂ ಸೇರಿಸಿದರೆ ದೊಡ್ಡ ತೊಂದರೆಯಾದದ್ದು ನೂರಕ್ಕೆ 1.7 ಜನರಿಗೆ. ಆ ತೊಂದರೆಯಿಂದ ಸತ್ತವರು ಸಾವಿರಕ್ಕೆ 5. ರೋಗಿ ಹೆಣ್ಣಾಗಿದ್ದರೆ, ತಂತಿ ಹತ್ತು ವರ್ಷಕ್ಕಿಂತ ಹಳೆಯದಾಗಿದ್ದರೆ ತೊಂದರೆ ಹೆಚ್ಚು ಕಂಡುಬಂತು. ಅಂದರೆ ಹೆಂಗಸರಲ್ಲಿಯೂ ಬಹುಪಾಲು ಜನ ಚೆನ್ನಾಗಿಯೇ ಮನೆಗೆ ಹೋಗುತ್ತಾರೆ. ದಯವಿಟ್ಟು ಈ ಭಾಗವನ್ನು ಮರೆಯಬೇಡಿ.

ಹೆಂಗಸರಿಗೇ ಏಕೆ? ಮುಖ್ಯವಾಗಿ ಹೆಂಗಸರ ರಕ್ತನಾಳ ಸಣ್ಣದು, ಅದರ ಗೋಡೆಯೂ ಹೃದಯದ ಗೋಡೆಯೂ ತೆಳುವು ಎಂದು ವೈದ್ಯರು ಹೇಳುತ್ತಾರೆ. ತಂತಿ ಮತ್ತು ಕೊಳವೆಯ ದಪ್ಪ ಮಾತ್ರ ಎಲ್ಲರಿಗೂ ಒಂದೇ. ಮೈ ತೆಳುವಾಗಿರುವವರಲ್ಲಿ ತೊಂದರೆ ಹೆಚ್ಚು ಎಂದು ಇನ್ನೊಂದು ವರದಿಯಲ್ಲಿಯೂ ಕಂಡಿದೆ. ಇದರ ಜೊತೆಗೆ ನಮ್ಮ ಕಡೆಯ ಒಂದು ಮಾತು ನಾನು ಸೇರಿಸುತ್ತೇನೆ: ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 47.8 ಜನರಿಗೆ ರಕ್ತ ಕಡಿಮೆ. ಮೊದಲೇ ರಕ್ತ ಕಡಿಮೆ ಇರುವವರು ಇನ್ನಷ್ಟು ರಕ್ತ ಹೋದರೆ ತಡೆದುಕೊಳ್ಳುವುದು ಕಷ್ಟ.

ಇಷ್ಟು ಕೇಳಿದ ಮೇಲೆ ಮನೆಯವರು, "ಹಾಗಾದರೆ ಬೇಡವೇ ಬೇಡ, ಇದ್ದಹಾಗೆ ಇರಲಿ" ಎನ್ನುತ್ತಾರೆ. ಇಲ್ಲಿ ಸ್ವಲ್ಪ ಗಮನವಿಟ್ಟು ಕೇಳಿ. ತಂತಿ ತೆಗೆಯಲು ಎರಡು ರೀತಿಯ ಕಾರಣಗಳಿವೆ. ತಂತಿ ಮುರಿದಿದೆ, ಕೆಲಸ ಮಾಡುತ್ತಿಲ್ಲ, ಆದರೆ ಸೋಂಕು ಇಲ್ಲ ಎಂದಾದರೆ, ಹಳೆಯದನ್ನು ಅಲ್ಲಿಯೇ ಬಿಟ್ಟು ಹೊಸದನ್ನು ಪಕ್ಕದಲ್ಲಿ ಹಾಕುವ ದಾರಿಯೂ ಇದೆ. ವಯಸ್ಸಾದ, ಸಣಕಲು ಮೈಯ ತಾಯಿಗೆ ಅದೇ ಸರಿಯಾಗಬಹುದು. ಮೂವತ್ತರ ಹೆಣ್ಣುಮಗಳಿಗೆ ಹಾಗೆ ಬಿಟ್ಟರೆ ಮುಂದೆ ಇನ್ನೂ ಹಳೆಯದಾಗಿ, ಇನ್ನೂ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಇಲ್ಲಿ ವೈದ್ಯರ ಜೊತೆ ಕೂತು ಯೋಚಿಸಲು ಸಮಯವಿದೆ, ಬೇಡ ಎನ್ನಲೂಬಹುದು.

ಸೋಂಕು ಆಗಿದ್ದರೆ ವಿಷಯವೇ ಬೇರೆ. ಡಬ್ಬಿಯ ಜಾಗದಲ್ಲಿ ಕೀವು ಬಂದರೆ, ಚರ್ಮ ತೂತಾಗಿ ಡಬ್ಬಿಯೋ ತಂತಿಯೋ ಕಂಡರೆ, ಇಡೀ ವ್ಯವಸ್ಥೆಗೇ ಸೋಂಕು ತಗುಲಿದೆ ಎಂದು ಲೆಕ್ಕ. ಡಬ್ಬಿ ಮಾತ್ರ ತೆಗೆದು ತಂತಿ ಬಿಟ್ಟರೆ ಸಾಲದು. ಮಾತ್ರೆ, ಇಂಜೆಕ್ಷನ್‌ನಿಂದ ಕೀವು ಸ್ವಲ್ಪ ದಿನ ನಿಲ್ಲಬಹುದು, ಆದರೆ ತಂತಿಗೆ ಅಂಟಿದ ರೋಗಾಣುವನ್ನು ಔಷಧಿ ಮುಟ್ಟುವುದಿಲ್ಲ. ಅದು ರಕ್ತಕ್ಕೆ, ಹೃದಯದ ಕವಾಟಕ್ಕೆ ಹೋಗುತ್ತದೆ. ಅಮೆರಿಕದಲ್ಲಿ 2006ರಿಂದ 2019ರವರೆಗಿನ ಸರ್ಕಾರಿ ವಿಮೆಯ ದಾಖಲೆ ನೋಡಿದಾಗ, ಇಂಥ ಸೋಂಕು ಆದವರಲ್ಲಿ ಐದರಲ್ಲಿ ಒಬ್ಬರಿಗೂ ತಿಂಗಳೊಳಗೆ ತಂತಿ ತೆಗೆದಿರಲಿಲ್ಲ. ಬೇಗ ತೆಗೆಸಿದವರಲ್ಲಿ ಸಾವು ಕಡಿಮೆ ಇತ್ತು. ಅಷ್ಟು ಅನುಕೂಲ ಇರುವ ದೇಶದ ಕಥೆ ಅದು! ಹಾಗಾಗಿ ಸೋಂಕು ಆದ ಹೆಣ್ಣುಮಗಳಿಗೆ "ಅಪಾಯ ಹೆಚ್ಚು, ಬೇಡ" ಎನ್ನುವುದು ನನ್ನ ದೃಷ್ಟಿಯಲ್ಲಿ ತಪ್ಪು ಲೆಕ್ಕ. ಅಪಾಯ ಹೆಚ್ಚು, ಅದಕ್ಕೇ ಬೇಗ ಹೋಗಬೇಕು, ಒಳ್ಳೆಯ ಕಡೆ ಹೋಗಬೇಕು.

ಒಳ್ಳೆಯ ಕಡೆ ಎಂದರೆ ಈ ಕೆಲಸ ಹೆಚ್ಚು ಮಾಡಿದ ಕಡೆ. ನಾನು ಹೇಳಿದ 1999ರ ವರದಿಯಲ್ಲಿ ದೊಡ್ಡ ತೊಂದರೆ ನೂರಕ್ಕೆ 1.4 ಇದ್ದರೆ, 300ಕ್ಕಿಂತ ಹೆಚ್ಚು ರೋಗಿಗಳಿಗೆ ಮಾಡಿದ್ದ ಕೇಂದ್ರಗಳಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ ಇತ್ತು. ನಮ್ಮ ಆಸ್ಪತ್ರೆಯಲ್ಲಿ ಇದನ್ನು ಮಾಡುವುದಿಲ್ಲ, ದೊಡ್ಡ ಕೇಂದ್ರಕ್ಕೆ ಬರೆದುಕೊಡುತ್ತೇವೆ. ಅಲ್ಲಿ ಸಂಕೋಚವಿಲ್ಲದೆ ಕೇಳಿ: ಇಲ್ಲಿ ಇದುವರೆಗೆ ಎಷ್ಟು ಮಾಡಿದ್ದೀರಿ, ಎದೆ ತೆರೆಯುವ ಸರ್ಜನ್ ಆ ಹೊತ್ತಿಗೆ ಪಕ್ಕದಲ್ಲೇ ಇರುತ್ತಾರೆಯೇ, ರಕ್ತ ಸಿದ್ಧವಿದೆಯೇ. ದೊಡ್ಡ ರಕ್ತನಾಳ ಹರಿದರೆ ಸರ್ಜನ್ ಕೈಗೆ ಸಿಗುವವರೆಗೆ ರಕ್ತ ತಡೆಯುವ ಬಲೂನು 2016ರಿಂದ ಬಂದಿದೆ, ಅದರ ಬಗ್ಗೆಯೂ ಕೇಳಬಹುದು. ಕೇಳಿದರೆ ಯಾರೂ ಬೈಯುವುದಿಲ್ಲ. ಜಗತ್ತಿನಲ್ಲಿ ಮೊದಲು ದೇಹದೊಳಗೆ ಪೇಸ್‌ಮೇಕರ್ ಇಟ್ಟದ್ದು 1958ರಲ್ಲಿ, ಸ್ವೀಡನ್ನಿನ ಆರ್ನೆ ಲಾರ್ಸನ್ ಅವರಿಗೆ. ಅಂಥ ಯಂತ್ರವೇ ಇನ್ನೂ ಇಲ್ಲದಿದ್ದಾಗ ವೈದ್ಯರ ಬೆನ್ನುಬಿಡದೆ ಕೇಳಿ ಒಪ್ಪಿಸಿದ್ದು ಅವರ ಹೆಂಡತಿ. ಅವರು 2001ರವರೆಗೆ ಬದುಕಿದ್ದರು. ಜೊತೆಗೆ ಬಂದವರ ಮಾತಿಗೆ ಅಷ್ಟು ಬೆಲೆ ಇದೆ.

ಆದರೆ ಜೊತೆಗೆ ಬಂದವರು ರೋಗಿಯ ಬದಲಿಗೆ ತಾವೇ ಉತ್ತರ ಕೊಡಬೇಡಿ. ವೈದ್ಯರು ಕೇಳಿದಾಗ ಮಗನೋ ಗಂಡನೋ "ಏನೂ ಇಲ್ಲ ಸಾರ್, ಸ್ವಲ್ಪ ಕೆಂಪಾಗಿದೆ ಅಷ್ಟೇ" ಎನ್ನುತ್ತಾರೆ. ತಾಯಿ ಸೆರಗು ಸರಿಸಿ ತೋರಿಸಲು ನಾಚಿಕೊಂಡು ಸುಮ್ಮನಿರುತ್ತಾರೆ. ಎಷ್ಟೋ ಸೋಂಕು ತಡವಾಗಿ ತಿಳಿಯುವುದು ಹೀಗೆಯೇ. ತಾಯಂದಿರೇ, ಸ್ನಾನ ಮಾಡುವಾಗ ವಾರಕ್ಕೊಮ್ಮೆ ಆ ಜಾಗ ನೋಡಿಕೊಳ್ಳಿ. ಕೆಂಪು, ಬಿಸಿ, ಬಾವು, ಚರ್ಮ ತೆಳ್ಳಗಾಗಿ ಹೊಳೆಯುವುದು, ಬಿಟ್ಟು ಬಿಟ್ಟು ಬರುವ ಜ್ವರ, ಇವುಗಳಲ್ಲಿ ಒಂದು ಕಂಡರೂ ಬನ್ನಿ. ಗಂಡು ಡಾಕ್ಟರಿಗೆ ತೋರಿಸಲು ಸಂಕೋಚವಾದರೆ ನಮ್ಮ ಸಿಸ್ಟರುಗಳಲ್ಲಿ ಯಾರಿಗಾದರೂ ಹೇಳಿ, ಜೊತೆಗೆ ನಿಲ್ಲುತ್ತಾರೆ. ಅರಿಸಿನ, ಸುಣ್ಣ ಹಚ್ಚಬೇಡಿ, ಹಿಸುಕಬೇಡಿ, ಸೂಜಿ ಚುಚ್ಚಿಸಬೇಡಿ. ವಿಭೂತಿ ಹಣೆಗೆ ಇರಲಿ, ಗಾಯಕ್ಕೆ ಬೇಡ. ಕುಪ್ಪಸದ ಅಂಚು, ಒಳ ಉಡುಪಿನ ಪಟ್ಟಿ ಡಬ್ಬಿಯ ಮೇಲೆ ಉಜ್ಜುತ್ತಿದ್ದರೆ ಸಡಿಲ ಮಾಡಿಸಿ. ಇಷ್ಟಲಿಂಗ ಧರಿಸುವವರು ಶಿವದಾರವೂ ಕರಡಿಗೆಯೂ ಆ ಜಾಗಕ್ಕೆ ತಾಗದಂತೆ ದಾರದ ಉದ್ದ ಹೊಂದಿಸಿಕೊಳ್ಳಿ. ತಂತಿ ತೆಗೆಯುವ ದಿನ ಎದೆ ಪೂರ್ತಿ ಖಾಲಿ ಇರಬೇಕು. ಲಿಂಗವನ್ನು, ತಾಳಿಯನ್ನು ಆ ಹೊತ್ತಿಗೆ ಯಾರ ಕೈಯಲ್ಲಿ ಇಡಬೇಕು ಎಂಬುದನ್ನು ಹಿಂದಿನ ದಿನವೇ ಮಾತಾಡಿಕೊಳ್ಳಿ. ಬಾಗಿಲ ಹತ್ತಿರ ನಿಂತು ಗಾಬರಿಯಾಗುವುದು ಬೇಡ.

ತಿಂಗಳ ಮುಟ್ಟು ತಪ್ಪಿದ್ದರೆ ಮೊದಲೇ ಹೇಳಿ, ಈ ಚಿಕಿತ್ಸೆಯಲ್ಲಿ ಎಕ್ಸ್‌ರೇ ಬಹಳ ಹೊತ್ತು ಬಳಸುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ತಾವಾಗಿಯೇ ನಿಲ್ಲಿಸಬೇಡಿ, ಯಾವಾಗ ನಿಲ್ಲಿಸಬೇಕೆಂದು ವೈದ್ಯರೇ ಹೇಳುತ್ತಾರೆ. ಸೋಂಕಿಗೆ ತೆಗೆಸಿದವರಿಗೆ ತಂತಿ ಬಂದ ಮೇಲೂ ಇಂಜೆಕ್ಷನ್ ಮುಂದುವರಿಯುತ್ತದೆ. ಸೋಂಕು ಡಬ್ಬಿಯ ಜಾಗದಲ್ಲಿ ಮಾತ್ರ ಇದ್ದರೆ ಸುಮಾರು ಎರಡು ವಾರ, ಕವಾಟಕ್ಕೆ ಹೋಗಿದ್ದರೆ ನಾಲ್ಕರಿಂದ ಆರು ವಾರ. ಮತ್ತೆ ಪೇಸ್‌ಮೇಕರ್ ಬೇಕಾದವರಿಗೆ ಸಾಮಾನ್ಯವಾಗಿ ಇನ್ನೊಂದು ಬದಿಯಲ್ಲಿ ಹೊಸದನ್ನು ಹಾಕುತ್ತಾರೆ. ಊರಿಗೆ ಮರಳುವ ಅವಸರ ಇದ್ದೇ ಇರುತ್ತದೆ, ಅಷ್ಟು ದಿನಕ್ಕೆ ಮನೆಯಲ್ಲಿ ದನ-ಕರು, ಮಕ್ಕಳನ್ನು ನೋಡಿಕೊಳ್ಳುವವರನ್ನು ಗೊತ್ತುಮಾಡಿ ಬನ್ನಿ.

ಪೇಸ್‌ಮೇಕರ್ ಹಾಕಿದಾಗ ಕೊಟ್ಟ ಕಾರ್ಡಿನಲ್ಲಿ ತಂತಿ ಹಾಕಿದ ದಿನಾಂಕ, ತಂತಿಯ ಕಂಪನಿ ಮತ್ತು ನಂಬರು ಇರುತ್ತವೆ. ಮುಂದಿನ ಸಲ ಬರುವಾಗ ಅದನ್ನು ತನ್ನಿ. ಕಳೆದುಹೋಗಿದ್ದರೆ ಹಾಕಿದ ಆಸ್ಪತ್ರೆಯ ಹೆಸರು ಮತ್ತು ವರ್ಷ ಹೇಳಿ, ನಾವು ಪತ್ರ ಬರೆದು ತರಿಸಿಕೊಡಲು ಪ್ರಯತ್ನಿಸುತ್ತೇವೆ.