ಮೋಟರಿನ ಲೆಕ್ಕ



ನಾವು ಸ್ಲಂ ಬೋರ್ಡ್ ಕಟ್ಟಿಸಿದ ಮನೆಗಳಲ್ಲಿದ್ದೇವೆ. ಮನೆಯ ಬಿಲ್ಲಿಗೆ 2023ರಲ್ಲಿ ಗೃಹಜ್ಯೋತಿ ಬಂತು. ಆದರೆ ನೀರಿನ ಮೋಟರಿನ ಮೀಟರ್ ಬೇರೆ. ಅದರ ಬಿಲ್ಲು ಎಲ್ಲರೂ ಸೇರಿ ಕಟ್ಟಬೇಕು. ಕಟ್ಟದಿದ್ದರೆ ಕರೆಂಟ್ ತೆಗೀತಾರೆ. ಆಗ ನೀರೂ ಇಲ್ಲ.

ಈಗ ನಮಗೆ ಅಂಕಿ ಓದೋಕೆ ಬರುತ್ತೆ. ಪ್ರತಿ ತಿಂಗಳು ಒಂದನೇ ತಾರೀಖು ಮೀಟರ್ ನೋಡಿ ಗೋಡೆ ಮೇಲೆ ಬರೆಯೋಣ. ಈ ಅಂಕಿಯಲ್ಲಿ ಹೋದ ತಿಂಗಳದ್ದು ಕಳೆದರೆ ಯೂನಿಟ್ ಸಿಗುತ್ತದೆ.

2 ಎಚ್‌ಪಿ ಮೋಟರ್ ಒಂದು ಗಂಟೆ ಓಡಿದರೆ ಸುಮಾರು ಒಂದೂವರೆ ಯೂನಿಟ್. ದಿನಕ್ಕೆ 2 ಗಂಟೆಯಾದರೆ ತಿಂಗಳಿಗೆ 90. ಮೀಟರ್ 120 ತೋರಿಸಿತೇ? ಪೈಪು ಸೋರುತ್ತಿರಬೇಕು. ಇಲ್ಲವೇ ಯಾರೋ ಮೋಟರ್ ಆರಿಸೋದು ಮರೆತಿರಬೇಕು. ಇದೇ ಹೆಚ್ಚು!

ಪಕ್ಕದ ಬ್ಲಾಕಿನವರನ್ನೂ ಕೇಳೋಣ. ಅಷ್ಟೇ ಮನೆ, ಅದೇ ಮೋಟರ್. ಅವರದ್ದು ಯಾಕೆ ಕಡಿಮೆ?

ಬಿಲ್ಲು ಗೋಡೆಯ ಲೆಕ್ಕಕ್ಕೆ ತಾಳೆಯಾಗದಿದ್ದರೆ ಅಂಕಿ ಸಮೇತ ಅರ್ಜಿ ಬರೆದು ವಿದ್ಯುತ್ ಕಚೇರಿಗೆ ಕೊಡೋಣ.